ಲಿಫ್ಟ್ ಆಗಿರೋ ಜಿಪ್ಸಿಗೆ ಎಷ್ಟು ದೊಡ್ಡ ಟಯರ್?

ನನ್ನ ಜಿಪ್ಸಿ ಕಿಂಗ್, ಅಂದರೆ ಮಾರುತಿಯ ಫೋರ್ ವೀಲ್ ಡ್ರೈವ್ ಜೀಪು, ಕೈಗೆ ಬಂದಾಗಲೇ ಎತ್ತರವಾಗಿತ್ತು. ಹಿಂದಿನ ಮಾಲೀಕರು ಲೀಫ್ ಸ್ಪ್ರಿಂಗ್‌ಗೆ ಒಂದೊಂದು ಪ್ಲೇಟ್ ಸೇರಿಸಿ, ಸ್ಪ್ರಿಂಗಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಶಾಕಲ್ ಉದ್ದದ್ದು ಹಾಕಿಸಿ, ಗಾಡಿಯನ್ನು ಮೇಲಕ್ಕೆ ಎತ್ತಿಟ್ಟಿದ್ದರು. ಟಯರ್ ಮಾತ್ರ ಕಂಪನಿ ಅಳತೆಯದೇ, 205/70 ಆರ್15. ನೋಡಿದರೆ ಆರಡಿ ಆಳಿಗೆ ಮಗುವಿನ ಚಪ್ಪಲಿ ಹಾಕಿಸಿದ ಹಾಗಿತ್ತು.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಟೂಲ್‌ರೂಮ್ ಇದೆ. ವರ್ನಿಯರ್ ಹಿಡಿದೇ ಹೊಟ್ಟೆ ಹೊರೆಯುವವನು ನಾನು. ಹಾಗಾಗಿ 'ಲುಕ್ಕು ಬರುತ್ತೆ ಸಾರ್' ಅನ್ನುವ ಮಾತಿಗೆ ಟಯರ್ ತಗೊಳ್ಳೋದು ನನ್ನಿಂದ ಆಗುವ ಕೆಲಸ ಅಲ್ಲ. ಮೊದಲು ಲೆಕ್ಕ ಹಾಕಬೇಕು.

ಲಿಫ್ಟ್ ಮಾಡಿಸಿದವರಲ್ಲಿ ಮುಕ್ಕಾಲು ಪಾಲು ಜನ ನಂಬಿರುವುದು ಏನು ಗೊತ್ತಾ? ಗಾಡಿ ಎರಡು ಇಂಚು ಮೇಲೆದ್ದರೆ ಎರಡು ಇಂಚು ಎತ್ತರದ ಕಲ್ಲು ಜಾಸ್ತಿ ದಾಟಬಹುದು ಅಂತ. ಹಾಗಿಲ್ಲ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ. ನಡುವೆ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ (ಡಿಫ್) ಗುಂಡು ನೇತಾಡುತ್ತಿರುತ್ತದೆ. ಕಲ್ಲಿಗೆ ಮೊದಲು ತಾಗುವುದು ಅದೇ. ಸ್ಪ್ರಿಂಗ್ ಆಕ್ಸಲ್ ಅನ್ನು ಚಾಸಿಸ್‌ಗೆ ಜೋಡಿಸುತ್ತದೆ. ಅದನ್ನು ಎತ್ತರಿಸಿದರೆ ಬಾಡಿ ಮೇಲೆ ಹೋಗುತ್ತದೆ, ಡಿಫ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲಕ್ಕೆತ್ತುವುದು ಟಯರ್ ಮಾತ್ರ. ಅದೂ ಟಯರ್ ಎಷ್ಟು ದೊಡ್ಡದಾಯಿತೋ ಅದರ ಅರ್ಧದಷ್ಟು. ಲಿಫ್ಟ್ ಮಾಡುವ ಕೆಲಸ ಆ ಟಯರಿಗೆ ಜಾಗ ಬಿಡಿಸಿಕೊಡುವುದು ಅಷ್ಟೇ.

ಅಂದರೆ ಮೊದಲು ಟಯರ್ ಯಾವುದು ಅಂತ ಗೊತ್ತಾಗಬೇಕು, ಆಮೇಲೆ ಅದಕ್ಕೆ ಬೇಕಾದಷ್ಟೇ ಲಿಫ್ಟ್. ನಮ್ಮ ಊರಿನಲ್ಲಿ ನಡೆಯುವುದು ಉಲ್ಟಾ. ನನ್ನ ಗಾಡಿಯಲ್ಲೂ ಉಲ್ಟಾನೇ ನಡೆದಿತ್ತು.

ಲೆಕ್ಕ ಕಷ್ಟದ್ದೇನಲ್ಲ. 205/70 ಆರ್15 ಅಂದರೆ ಅಗಲ 205 ಮಿ.ಮೀ., ಗೋಡೆಯ ಎತ್ತರ ಅದರ ಶೇ. 70, ರಿಮ್ 15 ಇಂಚು. 205ರ ಶೇ. 70 ಎಂದರೆ 143.5. ಮೇಲೆ ಕೆಳಗೆ ಸೇರಿ 287. ರಿಮ್‌ನ 381 ಕೂಡಿಸಿದರೆ 668 ಮಿ.ಮೀ. ವ್ಯಾಸ. ಇದೇ ರೀತಿ ಬೊಲೆರೋದ 215/75 ಆರ್15 ಲೆಕ್ಕ ಹಾಕಿದರೆ 703.5 ಬರುತ್ತದೆ. 235/75 ಆರ್15 ಆದರೆ 733.5. ಜಿಪ್ಸಿಯವರು ಕನಸು ಕಾಣುವ 31 ಇಂಚಿನದು 787.

ಈಗ ಆಕ್ಸಲ್ ಕೆಳಗೆ ಎಷ್ಟು ಸಿಕ್ಕಿತು ನೋಡಿ. 215ಕ್ಕೆ ಸುಮಾರು 18 ಮಿ.ಮೀ., 235ಕ್ಕೆ 33, 31 ಇಂಚಿಗೆ 60. ಅರವತ್ತು ಅಂದ ತಕ್ಷಣ ಬಾಯಲ್ಲಿ ನೀರೂರುತ್ತದೆ, ಅಲ್ವಾ? ಆದರೆ ವ್ಯಾಸ ಶೇ. 18 ಜಾಸ್ತಿ ಆದರೆ ಗೇರ್ ಕೂಡ ಅಷ್ಟೇ ಶೇಕಡಾ ಭಾರವಾಗುತ್ತದೆ. ಜಿಪ್ಸಿ ಕಿಂಗ್‌ನದು 1.3 ಲೀಟರ್ ಪೆಟ್ರೋಲ್ ಇಂಜಿನ್. 80 ಕುದುರೆ ಶಕ್ತಿ, ಸುಮಾರು 103 ನ್ಯೂಟನ್ ಮೀಟರ್ ಟಾರ್ಕ್, ಅದೂ ಚೆನ್ನಾಗಿ ತಿರುಗಿಸಿದ ಮೇಲೆ ಬರುವಂಥದ್ದು. ಸಿಲ್ಕ್ ಬೋರ್ಡ್ ಹತ್ತಿರ ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತು, ಮತ್ತೆ ಒಂದಡಿ ಮುಂದೆ ಹೋಗಿ, ಮತ್ತೆ ನಿಲ್ಲುವಾಗ ಆ ಶೇ. 18 ಪೂರ್ತಿ ಕ್ಲಚ್ ಪ್ಲೇಟ್ ಮೇಲೆ ಬೀಳುತ್ತದೆ. ಕಾಡಿನಲ್ಲಾದರೆ ನಿಧಾನಕ್ಕೆ ಜಾಸ್ತಿ ಎಳೆಯುವ ಲೋ ಗೇರ್ ಇದೆ. ಸಿಲ್ಕ್ ಬೋರ್ಡ್‌ನಲ್ಲಿ ಲೋ ಗೇರ್ ಹಾಕುವವರನ್ನು ನಾನಂತೂ ನೋಡಿಲ್ಲ.

ಸ್ನೇಹಿತನೊಬ್ಬನ ವಾದ: 'ಥಾರ್‌ಗೆ ಕಂಪನಿಯವರೇ 31 ಕೊಡ್ತಾರಲ್ಲ ಮಗಾ?' ಕೊಡುತ್ತಾರೆ, ನಿಜ. ಈಗಿನ ಥಾರ್‌ನ 18 ಇಂಚಿನ ಅಲಾಯ್ ಇರುವ ಮಾಡೆಲ್‌ನಲ್ಲಿ 255/65 ಆರ್18 ಬರುತ್ತದೆ. ಲೆಕ್ಕ ಹಾಕಿದರೆ 789 ಮಿ.ಮೀ. ಆದರೆ ಅದಕ್ಕೆ ತಕ್ಕ ಇಂಜಿನ್, ಆಕ್ಸಲ್, ಬ್ರೇಕ್ ಎಲ್ಲವನ್ನೂ ಅವರೇ ಕೊಟ್ಟಿದ್ದಾರೆ. ಜಿಪ್ಸಿಯ ಬ್ರೇಕ್, ಬೇರಿಂಗ್ ಎಲ್ಲ ಸಾವಿರ ಕಿಲೋ ಆಸುಪಾಸಿನ ಹಗುರ ಗಾಡಿಗೆ, 26 ಇಂಚಿನ ಚಕ್ರಕ್ಕೆ ಮಾಡಿರುವುದು.

ನಾನು 235/75 ಆರ್15 ಅಂತ ತೀರ್ಮಾನ ಮಾಡಿದೆ. ಆಲ್ ಟೆರೇನ್, ಅಂದರೆ ಟಾರಿಗೂ ಮಣ್ಣಿಗೂ ಆಗುವಂಥದ್ದು. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಬೇಡ ಅಂದೆ, ಯಾಕಂದರೆ ನನ್ನ ಗಾಡಿ ವಾರದಲ್ಲಿ ಆರು ದಿನ ತುಮಕೂರು ರಸ್ತೆಯಲ್ಲಿ ಓಡುತ್ತದೆ. ಮಡ್ ಟಯರ್‌ನ ದೊಡ್ಡ ದೊಡ್ಡ ಗುಬ್ಬಗಳು ಒದ್ದೆ ಟಾರಿನ ಮೇಲೆ ಹಿಡಿತ ಕಮ್ಮಿ ಕೊಡುತ್ತವೆ, ಬೇಗ ಸವೆಯುತ್ತವೆ. ವೈಟ್ ಟಾಪಿಂಗ್ ಮಾಡಿರುವ ಕಾಂಕ್ರೀಟ್ ರಸ್ತೆಗಳಲ್ಲಿ ಅದರ ಗುಂಯ್ ಸದ್ದು ಕೇಳಿದರೆ ಪಕ್ಕದಲ್ಲಿ ಕೂತವರ ಜೊತೆ ಮಾತೇ ಆಡೋಕಾಗಲ್ಲ.

ಜೆ.ಸಿ. ರಸ್ತೆಯ ಟಯರ್ ಅಂಗಡಿಗೆ ಹೋದೆ. ಅಂಗಡಿ ಹುಡುಗ ಗಾಡಿ ಸುತ್ತ ಒಂದು ರೌಂಡ್ ಹೊಡೆದು, 'ಸಾರ್, ಇಷ್ಟು ಎತ್ತರ ಇದೆ, 31 ಹಾಕ್ಬಿಡಿ, ರೋಡಲ್ಲಿ ಎಲ್ಲರೂ ತಿರುಗಿ ನೋಡ್ತಾರೆ' ಅಂದ. ನಾನು 235 ಸಾಕಪ್ಪ ಅಂದೆ. ಅವನ ಮುಖದಲ್ಲಿ ಎಷ್ಟು ನಿರಾಸೆ ಅಂದರೆ, ಪಾಪ ಅನ್ನಿಸಿತು.

ರಿಮ್ ವಿಷಯ ಬಹಳ ಜನ ಮರೆಯುತ್ತಾರೆ. ಜಿಪ್ಸಿಯ ಕಂಪನಿ ರಿಮ್ ಐದೂವರೆ ಇಂಚು ಅಗಲ. 235ರ ಟಯರಿಗೆ ಕನಿಷ್ಠ ಆರು ಇಂಚು ಬೇಕು. ಐದೂವರೆಗೇ ಒತ್ತಿ ಕೂರಿಸುವವರಿದ್ದಾರೆ, ಕೂರುತ್ತದೆ ಕೂಡ. ಆದರೆ ಟಯರ್‌ನ ಹೊಟ್ಟೆ ಉಬ್ಬಿ, ನಡುವಿನ ಭಾಗ ಮಾತ್ರ ನೆಲಕ್ಕೆ ತಾಗಿ ಸವೆಯುತ್ತದೆ. ತಿರುವಿನಲ್ಲಿ ಗಾಡಿ ತೊನೆದಾಡುತ್ತದೆ. ಹಾಗಾಗಿ ಏಳು ಇಂಚಿನ ಸ್ಟೀಲ್ ರಿಮ್ ತಗೊಂಡೆ. ಬೋಲ್ಟ್ ಅಳತೆ 5 ತೂತು, ಅವು ಕೂರುವ ವೃತ್ತದ ವ್ಯಾಸ 139.7 ಮಿ.ಮೀ. ಅಲಾಯ್ ಯಾಕೆ ಬೇಡ ಅಂದರೆ, ಸ್ಟೀಲ್ ರಿಮ್ ಕಲ್ಲಿಗೆ ಬಡಿದರೆ ಬಗ್ಗುತ್ತದೆ, ಸುತ್ತಿಗೆಯಲ್ಲಿ ಬಡಿದು ಮನೆಗಾದರೂ ತಲುಪಬಹುದು. ಅಲಾಯ್ ಸೀಳಿದರೆ ಅಲ್ಲಿಗೇ ಮುಗಿಯಿತು.

ಆಫ್‌ಸೆಟ್ ಅಂತ ಇನ್ನೊಂದಿದೆ. ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ. ಒಳಗೆ ಕೂತರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರ್‌ನ ಒಳಭುಜ ಲೀಫ್ ಸ್ಪ್ರಿಂಗ್‌ಗೆ ಉಜ್ಜುತ್ತದೆ. ಅದು ಬೇಡ ಅಂತ ಹೊರಗೆ ತಂದರೆ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿಗೆ ತಾಗುತ್ತದೆ, ವೀಲ್ ಬೇರಿಂಗ್ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಕೆಸರು ಬಾಗಿಲ ಗಾಜಿನವರೆಗೂ ಹಾರುತ್ತದೆ. ರಿಮ್ ಹೊರಗೆ ಬಂದಷ್ಟೂ ಗಾಡಿ ಗಟ್ಟಿಮುಟ್ಟಾಗಿ ಕಾಣುತ್ತದೆ ನಿಜ. ನಾನು ಬಾಗಿಲ ಗಾಜಿನ ಪಕ್ಷ.

ಹಾಕಿದ್ದಾಯಿತು. ಸಮತಟ್ಟು ನೆಲದಲ್ಲಿ ಎಲ್ಲೂ ತಾಗಲಿಲ್ಲ. ಅಂಗಡಿಯವನು ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಿ 'ಫಸ್ಟ್ ಕ್ಲಾಸ್ ಸಾರ್' ಅಂದ. ಈ ಫಸ್ಟ್ ಕ್ಲಾಸ್ ನಂಬಬೇಡಿ. ಗಾಡಿ ನಿಂತಿರುವಾಗ ಎರಡು ಇಂಚಿನ ಲಿಫ್ಟ್ ಕೊಟ್ಟ ಜಾಗ ಕಣ್ಣಿಗೆ ಕಾಣುತ್ತದೆ. ಆದರೆ ಚಕ್ರ ಗುಂಡಿಯಿಂದ ಎದ್ದು ಮೇಲಕ್ಕೆ ಒತ್ತಿದಾಗ ಅದು ನಿಲ್ಲುವುದು ಬಂಪ್ ಸ್ಟಾಪ್‌ಗೆ ತಾಗಿದ ಮೇಲೆ. ಆ ರಬ್ಬರ್ ತುಂಡು ಕಂಪನಿಯದೇ ಆಗಿದ್ದರೆ, ಲಿಫ್ಟ್ ಎಷ್ಟೇ ಇರಲಿ, ಪೂರ್ತಿ ಒತ್ತಿದಾಗ ಆಕ್ಸಲ್ ಮೊದಲಿನ ಜಾಗಕ್ಕೇ ಹೋಗಿ ಮುಟ್ಟುತ್ತದೆ. ಟಯರ್ ಮಾತ್ರ ಮೊದಲಿಗಿಂತ ದೊಡ್ಡದು. ಅಲ್ಲಿಗೆ ಲಿಫ್ಟ್ ಕೊಟ್ಟ ಜಾಗ ಇದ್ದೂ ಇಲ್ಲದ ಹಾಗೆ.

ಇದನ್ನು ನೋಡೋಕೆ ಕಾಡಿಗೆ ಹೋಗಬೇಕಾಗಿಲ್ಲ. ನಮ್ಮ ಶೆಡ್ ಪಕ್ಕದ ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಇದೆ. ಭಾನುವಾರ ಬೆಳಿಗ್ಗೆ ಅದರ ಆಪರೇಟರ್ ಅಣ್ಣನಿಗೆ ತಿಂಡಿ ಕೊಡಿಸುವ ಕರಾರಿನ ಮೇಲೆ ಕರೆದೆ. ಫೋರ್ಕ್ ಮೇಲೆ ದಪ್ಪ ಮರದ ಹಲಗೆ ಇಟ್ಟು, ಎಡ ಮುಂದಿನ ಚಕ್ರವನ್ನು ಅದರ ಮೇಲೆ ಹತ್ತಿಸಿದೆವು. ಉಳಿದ ಚಕ್ರಗಳು ಉರುಳದಂತೆ ಅಡ್ಡ ಕೊಟ್ಟು, ಒಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ನಿಧಾನಕ್ಕೆ ಎತ್ತಿಸಿದೆ. ಬಂಪ್ ಸ್ಟಾಪ್ ಮುಟ್ಟುವವರೆಗೆ.

ಅದಕ್ಕೆ ಮುಂಚೆ ಟಯರ್‌ನ ಭುಜಕ್ಕೆಲ್ಲ ಪ್ರಶಿಯನ್ ಬ್ಲೂ ಬಳಿದಿದ್ದೆ. ಟೂಲ್‌ರೂಮ್‌ನಲ್ಲಿ ಎರಡು ಮೈ ಸರಿಯಾಗಿ ಕೂರುತ್ತವೋ ಇಲ್ಲವೋ ನೋಡೋಕೆ ಹಚ್ಚುವ ನೀಲಿ ಅದು. ಎಲ್ಲಿ ತಾಗುತ್ತದೋ ಅಲ್ಲಿ ಅಂಟಿಕೊಳ್ಳುತ್ತದೆ. ವಾದಕ್ಕೆ ಅವಕಾಶವೇ ಇಲ್ಲ. ಚಕ್ರ ಮೇಲಿದ್ದಾಗಲೇ ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಗಾಡಿ ಇಳಿಸಿ, ಟಾರ್ಚ್ ಹಿಡಿದು ಕೆಳಗೆ ತೂರಿದೆ.

ನೀಲಿ ಸಿಕ್ಕಿದ್ದು ಮೂರು ಕಡೆ. ಮಡ್ ಫ್ಲ್ಯಾಪ್ ಮೇಲೆ ಧಾರಾಳವಾಗಿ. ಫೆಂಡರ್‌ನ ಹಿಂಭಾಗದ ಒಳಮಡಿಕೆಯ ಮೇಲೆ ಬೆರಳಗಲದ ಒಂದು ಗೆರೆ. ಲೀಫ್ ಸ್ಪ್ರಿಂಗ್‌ನ ಪಕ್ಕದಲ್ಲಿ ಒಂದು ಚುಕ್ಕೆ. ಲೀಫ್ ಸ್ಪ್ರಿಂಗ್ ಒತ್ತಿದಾಗ ಚಪ್ಪಟೆಯಾಗಿ ಉದ್ದವಾಗುತ್ತದೆ, ಹಾಗಾಗಿ ಆಕ್ಸಲ್ ನೇರ ಮೇಲಕ್ಕೆ ಹೋಗಲ್ಲ, ಮುಂದಕ್ಕೋ ಹಿಂದಕ್ಕೋ ಸ್ವಲ್ಪ ಸರಿಯುತ್ತದೆ. ನಿಂತ ಗಾಡಿಗೆ ಟೇಪ್ ಹಿಡಿದು ಅಳೆದವರಿಗೆ ಇದು ಕಾಣೋದೇ ಇಲ್ಲ.

ಮಡ್ ಫ್ಲ್ಯಾಪ್ ಹಿಂದಕ್ಕೆ ಸರಿಸಿದ್ದು ಐದು ನಿಮಿಷದ ಕೆಲಸ. ಸ್ಪ್ರಿಂಗ್ ಪಕ್ಕದ ಚುಕ್ಕೆಗೆ ಸ್ಟೀರಿಂಗ್ ಸ್ಟಾಪ್ ಬೋಲ್ಟ್ ಸ್ವಲ್ಪ ಹೊರಗೆ ತಿರುಗಿಸಿ ಲಾಕ್ ನಟ್ ಬಿಗಿದೆ. ಇದರಿಂದ ಯೂ ಟರ್ನ್ ತಗೊಳ್ಳೋಕೆ ಜಾಗ ಸ್ವಲ್ಪ ಜಾಸ್ತಿ ಬೇಕು. ಫೆಂಡರ್ ಮಡಿಕೆಯನ್ನು ಬಡಿದು ಮಲಗಿಸಿ, ಬಣ್ಣ ಎದ್ದ ಕಡೆ ಝಿಂಕ್ ಪ್ರೈಮರ್ ಹೊಡೆದೆ. ಹೊಡೆಯದಿದ್ದರೆ ಒಂದೇ ಮಳೆಗಾಲಕ್ಕೆ ಜಿಪ್ಸಿಯ ತಗಡು ತುಕ್ಕಿಗೆ ಬಾಯಿ ತೆರೆಯುತ್ತದೆ. ಬಂಪ್ ಸ್ಟಾಪ್ ಕೆಳಗೆ 25 ಮಿ.ಮೀ. ದಪ್ಪದ ಎಂ.ಎಸ್. (ಮೆದು ಉಕ್ಕು) ಬ್ಲಾಕ್ ಇಟ್ಟೆ. ಮತ್ತೆ ನೀಲಿ ಬಳಿದು ಎತ್ತಿಸಿದಾಗ ಎಲ್ಲೂ ಕಲೆ ಇಲ್ಲ. ಅಣ್ಣ ಆ ಹೊತ್ತಿಗೆ ಎರಡನೇ ಮಸಾಲೆ ದೋಸೆ ಕೇಳುವ ಮೂಡ್‌ನಲ್ಲಿದ್ದರು.

ಎಡ ಚಕ್ರ ಮೇಲೆ ಒತ್ತಿದ್ದಾಗ ಬಲ ಚಕ್ರ ಕೆಳಗೆ ಜೋತು ಬಿದ್ದಿತ್ತಲ್ಲ, ಆಗಲೇ ಬ್ರೇಕ್ ಹೋಸ್ ಕೂಡ ನೋಡಿದೆ. ತಂತಿಯ ಹಾಗೆ ಬಿಗಿದುಕೊಂಡಿತ್ತು! ಲಿಫ್ಟ್ ಮಾಡಿಸಿದಾಗ ಇದನ್ನು ಯಾರೂ ಮುಟ್ಟಿರಲಿಲ್ಲ. ಟಯರ್ ಉಜ್ಜಿದರೆ ಸದ್ದಾದರೂ ಬರುತ್ತದೆ, ಹೋಸ್ ಹರಿಯುವ ಮುಂಚೆ ಏನೂ ಹೇಳಲ್ಲ. ಉದ್ದದ ಹೋಸ್ ಹಾಕಿಸಿ, ಬ್ರೇಕ್‌ನ ಗಾಳಿ ತೆಗೆಸಿದ ಮೇಲೇ ಗಾಡಿ ಗೇಟ್ ದಾಟಿದ್ದು. ಲಿಫ್ಟ್ ಆದ ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳುವವರು ಬೇರೆ ಏನೂ ನೋಡದಿದ್ದರೂ ಇದೊಂದನ್ನು ನೋಡಿ.

ಇನ್ನು ಸ್ಟೀರಿಂಗ್. ಅರವತ್ತು ದಾಟಿದರೆ ಗಾಡಿ ರಸ್ತೆಯಲ್ಲಿ ಅಲೆಯುತ್ತಿತ್ತು. ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ. ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಗಟ್ಟಿ ಆಕ್ಸಲ್‌ನಲ್ಲಿ ಅವರು ಸರಿ ಮಾಡಬಹುದಾದ್ದು ಟೋ ಒಂದನ್ನೇ, ಅಂದರೆ ಮುಂದಿನ ಚಕ್ರಗಳು ಒಳಗೋ ಹೊರಗೋ ತಿರುಗಿರುವ ಅಳತೆ. ಅದನ್ನು ನಾನೇ ಟೇಪ್, ಸೀಮೆಸುಣ್ಣ ಹಿಡಿದು ಮಾಡಬಲ್ಲೆ. ತೊಂದರೆ ಇದ್ದದ್ದು ಕ್ಯಾಸ್ಟರ್‌ನಲ್ಲಿ, ಅಂದರೆ ಸ್ಟೀರಿಂಗ್‌ಗೆ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಓರೆಯಲ್ಲಿ. ಉದ್ದದ ಶಾಕಲ್ ಹಾಕಿದಾಗ ಆಕ್ಸಲ್ ಸ್ವಲ್ಪ ಉರುಳಿ, ಆ ಅಚ್ಚಿನ (ಕಿಂಗ್‌ಪಿನ್) ಓರೆ ಕಮ್ಮಿಯಾಗಿತ್ತು. ಸಣ್ಣ ಟಯರ್ ಇದ್ದಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ದೊಡ್ಡ, ಭಾರದ ಟಯರ್ ಬಂದ ಮೇಲೆ ಎದ್ದು ಕಂಡಿತು.

ಇದಕ್ಕೆ ಮದ್ದು ಬೆಣೆ. ಸ್ಪ್ರಿಂಗ್‌ಗೂ ಆಕ್ಸಲ್ ಪ್ಯಾಡ್‌ಗೂ ನಡುವೆ ಒಂದು ಓರೆ ತುಂಡು ಇಟ್ಟರೆ ಆಕ್ಸಲ್ ಮೊದಲಿನ ಕೋನಕ್ಕೆ ಬರುತ್ತದೆ. ಮಾರ್ಕೆಟ್‌ನಲ್ಲಿ ಅಲ್ಯೂಮಿನಿಯಂದು ಸಿಗುತ್ತದೆ. ಬಡಿತಕ್ಕೆ ಅದು ಹಿಟ್ಟಾಗುತ್ತದೆ. ನಮ್ಮಲ್ಲಿ ಲೋಹ ಹೆರೆಯುವ ಹಳೆಯ ಶೇಪಿಂಗ್ ಮಷಿನ್ ಒಂದಿದೆ, ಈಗ ಅದಕ್ಕೆ ಕೆಲಸವೇ ಕಮ್ಮಿ. ಅದರ ವೈಸ್‌ನಲ್ಲಿ ಎಂ.ಎಸ್. ಫ್ಲಾಟ್ ಓರೆಯಾಗಿ ಕಟ್ಟಿ, ಎರಡೂವರೆ ಡಿಗ್ರಿಗೆ ಹೆರೆಸಿದೆ. ನಡುವೆ ಸೆಂಟರ್ ಬೋಲ್ಟ್‌ಗೆ ತೂತು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್ ಬಿಚ್ಚಿದ್ದನ್ನೇ ಮತ್ತೆ ಹಾಕಲಿಲ್ಲ, ಹೊಸದೇ ತರಿಸಿದೆ. ಒಮ್ಮೆ ಬಿಗಿದು ಎಳೆದುಕೊಂಡ ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡಲ್ಲ.

ವಿಲ್ಸನ್ ಗಾರ್ಡನ್ ಕಡೆಯ ನಮ್ಮ ಮೆಕ್ಯಾನಿಕ್ ಭಾಯ್ ಬೆಣೆ ಕೈಯಲ್ಲಿ ಹಿಡಿದು ನೋಡಿ, 'ನಾಲ್ಕು ಡಿಗ್ರಿ ಮಾಡಿಲ್ವಾ ಸಾರ್? ಇನ್ನೂ ಸೀದಾ ಹೋಗ್ತಿತ್ತು' ಅಂದರು. 'ಆಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಗತಿ ಏನು ಭಾಯ್?' ಅಂದೆ. ನಕ್ಕರು, ಅವರಿಗೂ ಗೊತ್ತು. ಬೆಣೆ ಜಾಸ್ತಿಯಾದಷ್ಟೂ ಡಿಫ್‌ನ ಮೂತಿ ಕೆಳಗೆ ಬಗ್ಗುತ್ತದೆ, ಡಿಫ್‌ಗೆ ಶಕ್ತಿ ತರುವ ಆ ಶಾಫ್ಟ್‌ನ ಜಾಯಿಂಟ್ ಓರೆಯಾಗಿ ಸವೆಯುತ್ತದೆ. ಎರಡೂವರೆಗೆ ಗಾಡಿ ನೆಟ್ಟಗೆ ಓಡುತ್ತಿದೆ, ಸಾಕು.

ಮೀಟರ್ ವಿಷಯ. ಚಕ್ರ ಶೇ. 10ರ ಹತ್ತಿರ ದೊಡ್ಡದಾಗಿದೆ, ಆದರೆ ಮೀಟರಿಗೆ ಅದು ತಿಳಿಯದು. ಅದು ತೋರಿಸುವ ವೇಗಕ್ಕಿಂತ ಗಾಡಿ ಜೋರಾಗಿ ಹೋಗುತ್ತಿರುತ್ತದೆ. ಲೆಕ್ಕದ ಪ್ರಕಾರ ಮೀಟರ್‌ನಲ್ಲಿ 60 ಇದ್ದರೆ ನಿಜವಾಗಿ 66. ಕಂಪನಿ ಮೀಟರ್‌ಗಳು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ, ಹಾಗಾಗಿ ಫೋನಿನ ಜಿಪಿಎಸ್ ಇಟ್ಟುಕೊಂಡು ಒಮ್ಮೆ ತಾಳೆ ನೋಡುವುದು ಒಳ್ಳೆಯದು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ 100ರ ಮಿತಿ, ಕ್ಯಾಮೆರಾ ಬೇರೆ ಇದೆ. ಮೀಟರ್ ನಂಬಿ ಹೋದರೆ ಚಲನ್ ಮನೆಗೆ ಬರುತ್ತದೆ.

ಇದರಲ್ಲೇ ಮೈಲೇಜ್ ಗೋಳೂ ಅಡಗಿದೆ. ದೊಡ್ಡ ಟಯರ್ ಹಾಕಿದ ಮೇಲೆ ಮೈಲೇಜ್ ಬಿತ್ತು ಅನ್ನುವವರು ಕಿಲೋಮೀಟರ್ ಓದುವುದು ಅದೇ ತಪ್ಪು ಮೀಟರಿನಿಂದ. ಸಾವಿರ ಕಿ.ಮೀ. ಓಡಿದರೆ ಅದು 910ರ ಹತ್ತಿರ ತೋರಿಸುತ್ತದೆ. ಮೈಲೇಜ್ ಬೀಳುವುದು ನಿಜವೇ, ಆದರೆ ಕಾಣುವಷ್ಟು ಬೀಳಲ್ಲ.

ಬ್ರೇಕ್ ಬಗ್ಗೆ ಹೇಳಲೇಬೇಕು. ತಕ್ಕಡಿಯಲ್ಲಿಟ್ಟು ನೋಡಿದರೆ ಹೊಸ ಟಯರ್ ಹಳೆಯದಕ್ಕಿಂತ ನಾಲ್ಕು ಕಿಲೋ ಜಾಸ್ತಿ, ಸ್ಟೀಲ್ ರಿಮ್‌ನ ಅಗಲ ಬೇರೆ. ತಿರುಗುವ ಭಾರ ಅದು, ಅಂಚಿನಲ್ಲಿರುವ ಭಾರ. ನಿಲ್ಲಿಸೋಕೆ ಮೊದಲಿಗಿಂತ ಜಾಸ್ತಿ ದೂರ ಬೇಕು. ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿಕೊಂಡ ಮೇಲೇ ನಾನು ಟ್ರಾಫಿಕ್‌ಗೆ ಇಳಿದದ್ದು.

ಗಾಳಿ ಎಷ್ಟು ಹಾಕಬೇಕು? ಟಯರ್ ಗೋಡೆ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನೇ ತುಂಬಿಸಬೇಡಿ. ಜಿಪ್ಸಿ ಹಗುರ ಗಾಡಿ, ಜಾಸ್ತಿ ಗಾಳಿ ಹಾಕಿದರೆ ಸೊಂಟ ಹೋಗುತ್ತದೆ. ಟಯರ್ ಅಗಲಕ್ಕೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದ್ದರೆ ಕಮ್ಮಿ. ಸಕಲೇಶಪುರದ ಕೆಸರಿನಲ್ಲಿ ನಾನು 18 ಪಿಎಸ್‌ಐಗೆ ಇಳಿಸುತ್ತೇನೆ. ಟಯರ್ ಅಗಲವಾಗಿ ಹರಡಿಕೊಂಡು ಹಿಡಿಯುತ್ತದೆ. ಟಾರ್ ರಸ್ತೆ ಸಿಕ್ಕ ತಕ್ಷಣ ಮತ್ತೆ ತುಂಬಿಸಬೇಕು, ಅದಕ್ಕೆ ಕಂಪ್ರೆಸರ್ ಜೊತೆಗೇ ಇರಲಿ.

ಕಾನೂನಿನ ಮಾತು ಸುಮ್ನೆ ಬಿಟ್ಟುಬಿಡುವಂಥದ್ದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಸೇರಿಸಿದರು. ದಂಡಕ್ಕಿಂತ ನನಗೆ ಇನ್ಶೂರೆನ್ಸ್ ಚಿಂತೆ. ಅಪಘಾತವಾದಾಗ ಗಾಡಿ ಕಂಪನಿ ಅಳತೆಯಲ್ಲಿಲ್ಲ ಅಂತ ಕ್ಲೇಮ್ ತಳ್ಳಿಹಾಕಬಹುದು. 235 ಹಾಕಿದವನು 31 ಹಾಕಿದವನಿಗಿಂತ ಸಾಚಾ ಅಂತೇನೂ ಇಲ್ಲ, ಎರಡೂ ಕಂಪನಿ ಅಳತೆಯ ಆಚೆಗೇ. ಗೊತ್ತಿದ್ದೇ ಹಾಕಿದ್ದೇನೆ. ನೀವು ಹಾಕುವ ಮುಂಚೆ ಪಾಲಿಸಿ ಓದಿ, ಏಜೆಂಟ್ ಬಾಯಿಮಾತು ಬೇಡ.

ಹೆಡ್‌ಲೈಟ್ ಕೆಳಕ್ಕೆ ತಿರುಗಿಸಿಕೊಳ್ಳಿ, ಎದುರಿಗೆ ಬರುವವರ ಶಾಪ ಯಾಕೆ. ಹೊಸ ರಿಮ್ ಹಾಕಿ ನೂರು ಕಿಲೋಮೀಟರ್ ಒಳಗೆ ವೀಲ್ ನಟ್ ಮತ್ತೊಮ್ಮೆ ಬಿಗಿಯಿರಿ. ಮಾಲ್‌ಗಳ ಬೇಸ್‌ಮೆಂಟಿಗೆ ಹೋಗುವ ಮುಂಚೆ ಗಾಡಿಯ ಎತ್ತರ ಅಳೆದು ನೆನಪಿಟ್ಟುಕೊಳ್ಳಿ.

ಮನೆಯಲ್ಲಿ ಅಮ್ಮನ ತಕರಾರು ಬೇರೆ ಇತ್ತು. ಗಾಂಧಿ ಬಜಾರಿಗೆ ಹೂವು ತರೋಕೆ ಕರೆದುಕೊಂಡು ಹೋದಾಗ ಸೀರೆ ಎತ್ತಿ ಹಿಡಿದು ಹತ್ತುತ್ತಾ, 'ಇನ್ನೊಂದು ಇಂಚು ಮೇಲೆ ಹೋದ್ರೂ ನಾನು ಆಟೋದಲ್ಲೇ ಬರ್ತೀನಿ ಕಣೋ' ಅಂದಿದ್ದರು. ಬಾಗಿಲ ಕೆಳಗೆ ಪೈಪ್‌ನ ಮೆಟ್ಟಿಲು ವೆಲ್ಡ್ ಮಾಡಿಸಬಹುದಿತ್ತು, ಆದರೆ ಅದು ಕಲ್ಲಿಗೆ ಮೊದಲು ಸಿಗುತ್ತದೆ. ಬಿಚ್ಚಿ ಒಳಗಿಡಬಹುದಾದ ಮೆಟ್ಟಿಲು ಮಾಡಿದೆ, ಎರಡು ಕೊಕ್ಕೆಯಲ್ಲಿ ನೇತುಹಾಕುವಂಥದ್ದು. ಅಮ್ಮನಿಗೆ ಒಪ್ಪಿಗೆಯಾಯಿತು.

ಇನ್ನು ಉಳಿದಿರುವುದು ಸ್ಟೆಪ್ನಿ. ನಾಲ್ಕು ದೊಡ್ಡದು, ಸ್ಟೆಪ್ನಿ ಮಾತ್ರ ಹಳೆಯದು ಅನ್ನುವ ಜುಗ್ಗತನ ಫೋರ್ ವೀಲ್ ಡ್ರೈವ್‌ನಲ್ಲಿ ನಡೆಯಲ್ಲ. ಒಂದು ಚಕ್ರ ಚಿಕ್ಕದಿದ್ದರೆ ಡಿಫ್ ಸುಮ್ನೆ ತಿರುಗುತ್ತಲೇ ಇರಬೇಕು, ಫೋರ್ ವೀಲ್ ಹಾಕಿದರೆ ಹಿಂದಿನ ಮುಂದಿನ ಶಾಫ್ಟ್ ಒಂದಕ್ಕೊಂದು ಎಳೆದಾಡುತ್ತವೆ. ಹಾಗಾಗಿ ಐದೂ ಒಂದೇ ಅಳತೆ. ಆದರೆ ಜಿಪ್ಸಿಯ ಹಿಂಬಾಗಿಲ ತಗಡು, ಕೀಲು ಇಷ್ಟು ಭಾರ ಹೊರುವುದಲ್ಲ, ಹಂಪ್ ಬಂದಾಗಲೆಲ್ಲ ಕುಣಿಯುತ್ತದೆ. ಬಾಗಿಲ ಬದಲು ಚಾಸಿಸ್‌ನಿಂದಲೇ ಎದ್ದು ಬರುವ, ಪಕ್ಕಕ್ಕೆ ತೆರೆಯುವ ಒಂದು ಕ್ಯಾರಿಯರ್ ಡ್ರಾಯಿಂಗ್ ಹಾಕಿಟ್ಟಿದ್ದೇನೆ. ಅದರ ಕೀಲಿಗೆ ಗ್ರೀಸ್ ನಿಪ್ಪಲ್ ಇರುವ ಬುಶ್ ಹಾಕಬೇಕಾ, ಬೇರಿಂಗ್ ಹಾಕಬೇಕಾ ಅಂತ ಭಾಯ್ ಜೊತೆ ಇನ್ನೂ ಜಗಳ ನಡೀತಿದೆ. ಅಲ್ಲಿಯವರೆಗೆ ಸ್ಟೆಪ್ನಿ ಹಿಂದಿನ ಸೀಟಿನ ಜಾಗದಲ್ಲಿ, ಎರಡು ರಾಚೆಟ್ ಬೆಲ್ಟ್ ಬಿಗಿದುಕೊಂಡು ಕೂತಿದೆ.